ದೊರೆಯ ಕೈ ಬಿದ್ದ ಹಾಳೆ

ಮನೆಯಿಂದ, ಮಹಡಿಯ ಬರವಣಿಗೆ ಕೋಣೆ
ಶುಕ್ರವಾರ, ಬೆಳಗಿನ ಜಾವ

ಪ್ರೀತಿಯ ಅತ್ತೆ,

ಗಂಟೆ ಎರಡೂಮುಕ್ಕಾಲು. ಒಣಹಾಕಿದ ಹಾಳೆಯೊಂದು ತಂತಿಯ ಮೇಲೆ ಪಟಪಟ ಬಡಿದುಕೊಂಡ ಸದ್ದಿಗೆ ಎಚ್ಚರವಾಯಿತು. ದೊರೆ ಮತ್ತೆ ಹಾಳೆಗೆ ಕೈ ಹಾಕಿದನೇನೋ ಎಂದು ಕತ್ತಲಲ್ಲೇ ಮಹಡಿಗೆ ಓಡಿ ಬಂದೆ. ಬಂದ ಮೇಲೆ ಬುದ್ಧಿ ಬಂತು: ಇನ್ನೂ ನಡೆಯಲು ಬಾರದ ನಿಮ್ಮ ಮೊಮ್ಮಗ ಮೆಟ್ಟಿಲು ಹತ್ತಿ, ಚಿಲಕ ತೆಗೆದು ಒಳಗೆ ಬರುವುದುಂಟೇ? ಕಿಟಕಿ ತೆರೆದಿತ್ತು, ಗಾಳಿ ಬಂತು, ಅಷ್ಟೇ. ಆದರೂ ಕೆಳಗಿಳಿದು ಅವನ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡಿ ಬಂದೆ. ನೀವಿದ್ದಿದ್ದರೆ ‘ಮಲಗಿರೋ ಮಗೂನ ಎಬ್ಬಿಸೋಕೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ ನೋಡು’ ಎನ್ನುತ್ತಿದ್ದಿರಿ. ಅವನು ಹಾಯಾಗಿ ಉಸಿರಾಡುತ್ತಿದ್ದಾನೆ. ಉಸಿರು ಬಿಗಿಹಿಡಿದವಳು ನಾನೇ. ಇನ್ನು ನಿದ್ದೆ ಬರುವುದಿಲ್ಲ; ನಿಮ್ಮ ಮೇಜಿನ ದೀಪ ಹಾಕಿಕೊಂಡು ಕೂತಿದ್ದೇನೆ.

ಮೊದಲು ನಿಮ್ಮ ಕಣ್ಣು ಹೇಗಿದೆ ಹೇಳಿ. ಪೊರೆ ತೆಗೆದ ಕಣ್ಣಲ್ಲಿ ನೀರು ಬರುವುದು ನಿಂತಿತೇ? ಹನಿ ಹಾಕುವ ಹೊತ್ತಿಗೆ ಸರಿಯಾಗಿ ತಲೆ ಎತ್ತಿ ಕೂರುತ್ತೀರೋ, ಇಲ್ಲಾ ‘ನಾನೇ ಹಾಕ್ಕೋತೀನಿ ಬಿಡು’ ಎಂದು ಕೆನ್ನೆಗೆಲ್ಲ ಸುರಿದುಕೊಳ್ಳುತ್ತೀರೋ? ಇನ್ನೊಂದು ವಾರ ಏನೂ ಓದಬಾರದೆಂದು ಡಾಕ್ಟರು ಹೇಳಿರುವುದರಿಂದ ಮಗಳ ಮನೆಯಲ್ಲಿರುವ ನಿಮಗೆ ಈ ಪತ್ರವನ್ನು ಅತ್ತಿಗೆಯೇ ಓದಿ ಹೇಳುತ್ತಾರೆ ಎಂದು ಗೊತ್ತು. ಅತ್ತಿಗೆ, ದಯವಿಟ್ಟು ನನ್ನ ದನಿಯನ್ನು ಅಣಕಿಸಿಕೊಂಡು ಓದಬೇಡಿ. ಅತ್ತೆಗೆ ನಗು ಬಂದರೆ ಹೊಲಿಗೆಗೆ ಒಳ್ಳೆಯದಲ್ಲ. ಫೋನಿದ್ದೂ ಪತ್ರ ಯಾಕೆ ಎಂದು ನೀವು ಕೇಳುವುದಿಲ್ಲ ಅತ್ತೆ, ಯಾಕೆಂದರೆ ಈ ಕೋಣೆಯ ಮೊದಲ ಪಾಠವೇ ಅದು. ‘ಮನಸ್ಸು ಕಲಕಿದಾಗ ಬಾಯಿ ತೆಗೀಬೇಡ, ಮೊದಲು ಬರಿ. ಬರೆದ ಮೇಲೂ ಹೇಳಬೇಕು ಅನ್ನಿಸಿದ್ರೆ ಆಗ ಮಾತಾಡು.’ ಹಾಗಾಗಿ ಬರೆಯುವುದು ನಾನು, ಮಾತಾಡುವುದು ನೀವು. ಇವರು ಐದೂವರೆಯ ರೈಲಿಗೆ ಗಾರ್ಡ್ ಆಗಿ ಹೊರಡುತ್ತಾರಲ್ಲ, ಅದೇ ರೈಲು ಮಧ್ಯಾಹ್ನ ಅತ್ತಿಗೆಯ ಊರು ಮುಟ್ಟುತ್ತದೆ. ಪತ್ರ ಅವರ ಕೋಟಿನ ಜೇಬಿನಲ್ಲಿ ಬರುತ್ತದೆ.

ನೀವು ನನಗೆ ಒಪ್ಪಿಸಿ ಹೋದ ಬರವಣಿಗೆ ಶಿಬಿರ ಚೆನ್ನಾಗಿ ನಡೆಯುತ್ತಿದೆ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಮಂಗಳವಾರದ ಕವಿತೆ ಪಾಠಕ್ಕೆ ನಿಮ್ಮ ಶಿಷ್ಯರೆಲ್ಲರೂ ಬಂದರು. ‘ಮನೆಯಲ್ಲಿ ಯಾರೂ ನೋಡದ ಒಂದು ಮೂಲೆ’ ಎಂದು ವಿಷಯ ಕೊಟ್ಟೆ. ವಕೀಲರು ತಮ್ಮ ಮೂಲೆಯ ಮೇಲೆ ವಾದ ಮಂಡಿಸಿದರು, ದಂತವೈದ್ಯೆ ನಾಲ್ಕೇ ಸಾಲು ಬರೆದು ನಮ್ಮೆಲ್ಲರ ಬಾಯಿ ಮುಚ್ಚಿಸಿದರು. ಬುಧವಾರ ಕುಂಚದ ಪಾಠ. ನೀವು ಮಾಡಿಸುವಂತೆಯೇ ಮೊದಲು ಕಪ್ಪು ಕಲ್ಲಿನ ಮೇಲೆ ಬರೀ ನೀರಿನಲ್ಲಿ ಬರೆಸಿದೆ. ಬರೆದದ್ದು ಕಣ್ಣೆದುರೇ ಆರಿ ಹೋಗುವುದನ್ನು ಸಹಿಸಲಾರದೆ ವಕೀಲರು ಮೊಬೈಲಿನಲ್ಲಿ ಫೋಟೋ ಹಿಡಿಯಲು ಹೋದರು. ‘ಇಲ್ಲಿ ಸಾಕ್ಷಿ ಬೇಕಾಗಿಲ್ಲ ಸಾರ್’ ಎಂದೆ. ನಕ್ಕು ಜೇಬಿಗಿಟ್ಟುಕೊಂಡರು. ನೀವು ಹೋಗುವಾಗ ‘ಹೆದರ್ಕೋಬೇಡ, ಅವರಿಗೆ ನಿನಗಿಂತ ಜಾಸ್ತಿ ಭಯ ಇರುತ್ತೆ’ ಎಂದಿದ್ದಿರಲ್ಲ, ನಿಜ. ಹೆದರಿಕೆಯೆಲ್ಲ ನನಗೆ ಮಗುವಿನ ವಿಷಯದಲ್ಲಿ ಮಾತ್ರ. ಕುಂಚದ ವಿಷಯದಲ್ಲಿ ಇಲ್ಲ.

ಇನ್ನು ನಿನ್ನೆಯ ಸಂಗತಿ. ಗುರುವಾರ, ತತ್ವದ ಪಾಠ. ಎಲ್ಲರೂ ಸಂಜೆ ಬರುತ್ತಾರೆಂದು ನಾನು ನಾಲ್ಕಕ್ಕೇ ಕಲ್ಲಿಗೆ ನೀರು ಹಾಕಿ ಮಸಿಕಡ್ಡಿ ತೇಯಲು ಕೂತೆ. ಒಂದು ವಿಚಿತ್ರ ನಿಮಗೆ ಹೇಳಿರಲಿಲ್ಲ: ನೀವು ಹೋದಾಗಿನಿಂದ ದೊರೆ ಜೋಗುಳಕ್ಕೂ ಮಲಗುತ್ತಿಲ್ಲ, ತೊಟ್ಟಿಲಿಗೂ ಮಲಗುತ್ತಿಲ್ಲ; ಕಲ್ಲಿನ ಮೇಲೆ ಮಸಿ ತೇಯುವ ಸರಸರ ಸದ್ದು ಕೇಳಿದರೆ ಮಾತ್ರ ಕಣ್ಣು ಮುಚ್ಚುತ್ತಾನೆ. ಸದ್ದು ನಿಂತರೆ ಎದ್ದುಬಿಡುತ್ತಾನೆ. ನಿಮ್ಮ ಮಗ ‘ಅಮ್ಮನ ಮೊಮ್ಮಗ ಕಣೇ, ಇನ್ನೇನಾಗ್ತಾನೆ’ ಎಂದು ಹೆಮ್ಮೆಪಡುತ್ತಾರೆ, ತೇಯುವ ಕೈ ನನ್ನದು. ಗ್ರಂಥಾಲಯದ ಮೇಡಂ ಶನಿವಾರ ಬೆಳಗ್ಗೆ ಎಂಟಕ್ಕೆ ಬರುತ್ತಾರೆಂದು, ಅವರ ಹೊಸ ಓದುಕೋಣೆಯ ಗೋಡೆಗೆಂದೇ ನೀವು ಆಪರೇಷನ್ನಿಗೆ ಮುಂಚೆ ಬರೆದಿಟ್ಟ ಹಾಳೆಯನ್ನು ಸುರುಳಿ ಮಾಡಲು ತೆಗೆದು, ತಗ್ಗಿನ ಮೇಜಿನ ಮೇಲೆ ಹಾಸಿದ್ದೆ. ಮಗು ಚಾಪೆಯ ಮೇಲೆ ಮಲಗಿತ್ತು. ಕೆಳಗೆ ಹಾಲು ಉಕ್ಕಿದ ವಾಸನೆ ಬಂತು. ತೇಯುವುದನ್ನು ಬಿಟ್ಟು ಓಡಿದೆ. ಸದ್ದು ನಿಂತದ್ದೇ ತಡ, ದೊರೆ ಎದ್ದಿದ್ದಾನೆ, ಅಂಬೆಗಾಲಿಟ್ಟು ಬಂದಿದ್ದಾನೆ, ಮಸಿಕಲ್ಲಿನ ಗುಳಿಯಲ್ಲಿ ಬಲಗೈ ಪೂರಾ ಅದ್ದಿದ್ದಾನೆ, ಆಮೇಲೆ ಆ ಕೈಯನ್ನು ನಿಮ್ಮ ಹಾಳೆಯ ಮೇಲೆ ಊರಿ ಎದ್ದು ನಿಂತಿದ್ದಾನೆ. ಹೌದು ಅತ್ತೆ, ನಿಂತಿದ್ದಾನೆ. ಅವನು ಮೊದಲ ಸಲ ಗೋಡೆ ಹಿಡಿಯದೆ ನಿಂತದ್ದು ನಿಮ್ಮ ನಾಲ್ಕನೇ ಸಾಲಿನ ಮೇಲೆ ಕೈಯೂರಿ. ನನಗೆ ಕಿರುಚಬೇಕೋ ಚಪ್ಪಾಳೆ ತಟ್ಟಬೇಕೋ ತಿಳಿಯಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇವನದು ಕೈಯೂ ಮಸಿ, ಬಾಯೂ ಮಸಿ. ಡಾಕ್ಟರಿಗೆ ಫೋನ್ ಮಾಡಿದೆ. ‘ದೀಪದ ಕಪ್ಪು, ಅಂಟು ಅಷ್ಟೇ ಅಲ್ವೇನಮ್ಮಾ? ನಾಳೆ ಕಪ್ಪಗೆ ಹೋಗುತ್ತೆ, ಹೆದರಬೇಡಿ’ ಎಂದರು. ಹೆದರಬೇಡಿ ಎಂದು ಮೂರು ಸಲ ಹೇಳಿಸಿಕೊಂಡೇ ಫೋನ್ ಇಟ್ಟೆ.

ಹಸಿ ಮಸಿ ಇನ್ನಷ್ಟು ಹರಡೀತೆಂದು ಹಾಳೆಯನ್ನು ಪಾಠದ ಕೋಣೆಯ ಗೋಡೆಗೆ ತೂಗುಹಾಕಿ, ದೊರೆಯನ್ನು ತೊಳೆಯಲು ಬಚ್ಚಲಿಗೆ ಹೋದೆ. ಅವನಿಗೆ ಸೋಪು, ನನಗೆ ಕಣ್ಣೀರು. ಅವನನ್ನು ಇವರ ಕೈಗೆ ಕೊಟ್ಟು, ಮುಖ ಒರೆಸಿಕೊಂಡು, ಚಹಾದ ತಟ್ಟೆ ಹಿಡಿದು ಮೇಲೆ ಬರುತ್ತೇನೆ, ಎಲ್ಲರೂ ಆಗಲೇ ಬಂದು ಕೂತುಬಿಟ್ಟಿದ್ದಾರೆ. ಗುರುವಾರವೆಂದರೆ ನೋಡುವ ಪಾಠ, ಗೋಡೆಯ ಮೇಲೆ ಏನಿದೆಯೋ ಅದನ್ನು ಗಂಟೆ ಬಾರಿಸುವ ತನಕ ಮಾತಿಲ್ಲದೆ ನೋಡಬೇಕು ಎಂದು ನೀವೇ ಅಲ್ಲವೇ ಅಭ್ಯಾಸ ಮಾಡಿಸಿದ್ದು? ಬೆನ್ನು ನೆಟ್ಟಗೆ, ಕೈ ಮಡಿಲಲ್ಲಿ, ಎಲ್ಲರ ಕಣ್ಣೂ ದೊರೆಯ ಕೈಗುರುತಿನ ಮೇಲೆ. ನಡುವೆ ಮಾತಾಡುವ ಹಾಗಿಲ್ಲ. ‘ಅಯ್ಯೋ, ಇದು ಪಾಠದ ಹಾಳೆ ಅಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ನುಂಗಲೂ ಆಗದು, ಉಗುಳಲೂ ಆಗದು. ಗಂಟೆ ವಕೀಲರ ಮುಂದಿತ್ತು, ಅವರಿಗೋ ಸಮಾಧಿ ಹತ್ತಿದಂತಿತ್ತು. ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತೆ. ಚಹಾ ಪೂರ್ತಿ ಆರಿತು.

ಕೊನೆಗೂ ಗಂಟೆಯಾಯಿತು. ವಕೀಲರು ಕಣ್ಣೊರೆಸಿಕೊಂಡು ‘ಇಷ್ಟು ವರ್ಷ ಗುರುಗಳು ಬಾಯಲ್ಲಿ ಹೇಳಿದ್ದನ್ನ ಇವತ್ತು ಬರೆದು ತೋರಿಸಿದಾರೆ’ ಎಂದರು. ಅವರ ಪ್ರಕಾರ ಮೊದಲ ಮೂರು ಸಾಲು ಲೋಕ, ನಾಲ್ಕನೆಯದನ್ನು ಅಳಿಸಿದ ಆ ಕೈ ಶೂನ್ಯ. ‘ಬೇಕೂಂತಲೇ ಮಗುವಿನ ಅಳತೆಗೆ ಬರೆದಿದಾರೆ ನೋಡಿ, ಅಹಂಕಾರ ಇಲ್ಲದ ಕೈ’ ಎಂದರು. ಹಿಂದೆ ಕೂತವರೊಬ್ಬರು ಹೌದೆಂದು ತಲೆಯಾಡಿಸುತ್ತ ಬರೆದುಕೊಳ್ಳತೊಡಗಿದರು. ಆಗ ದಂತವೈದ್ಯೆ ಎದ್ದು ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡು ನೋಡಿದರು. ‘ವಕೀಲ್ರೇ, ಇದು ಒಂದು ವರ್ಷದ ಮಗು ಕೈ. ಬೆರಳ ಪಕ್ಕ ಮಸಿ ಕದಡಿದೆ ನೋಡಿ, ಅದು ಜೊಲ್ಲು. ಕೆಳಗಿನ ದವಡೆ ಹಲ್ಲು ಬರ್ತಿರಬೇಕು.’ ಅಷ್ಟರಲ್ಲಿ ಕೆಳಗಿನಿಂದ ದೊರೆಯ ಅಳು ಕೇಳಿತು. ಎಲ್ಲರೂ ನನ್ನ ಮುಖ ನೋಡಿದರು. ನಡೆದದ್ದನ್ನು ಹೇಳಿದೆ. ಅಂಥ ನಗು ಈ ಕೋಣೆಯಲ್ಲಿ ನಾನು ಕೇಳಿಲ್ಲ; ವಕೀಲರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಆದರೆ ಕೇಸು ಬಿಡಲಿಲ್ಲ. ‘ಯಾರ ಕೈ ಅನ್ನೋದು ಮುಖ್ಯ ಅಲ್ಲಮ್ಮ, ಹೀಗೇ ಕೊಟ್ಟುಬಿಡಿ’ ಎನ್ನುತ್ತಲೇ ಮೆಟ್ಟಿಲಿಳಿದರು. ದಂತವೈದ್ಯೆ ಮಾತ್ರ ಹಿಂದುಳಿದು, ಇನ್ನೊಮ್ಮೆ ಹಾಳೆಯನ್ನು ತಲೆ ವಾಲಿಸಿ ನೋಡಿ, ನನ್ನ ಕಡೆ ನೋಡಿ, ಕನ್ನಡಕ ಮಡಿಚಿಟ್ಟುಕೊಂಡು ಹೊರಟರು.

ರಾತ್ರಿ ದೊರೆ ಮಲಗಲೊಲ್ಲ. ಮತ್ತೆ ಕಲ್ಲು ತಂದು ತೇದೆ, ತೇದೆ, ತೇದೆ. ಅವನು ಮಲಗಿದಾಗ ಗುಳಿಯ ತುಂಬ ಮಸಿ, ಕನ್ನಡಿಯಂತೆ ಹೊಳೆಯುತ್ತಿತ್ತು. ತೇದ ಮಸಿಯನ್ನು ಚೆಲ್ಲಬಾರದು, ಮಲಗುವ ಮುನ್ನ ಬರೆದು ಮುಗಿಸಬೇಕು ಎಂಬುದು ನಿಮ್ಮ ಕಟ್ಟಪ್ಪಣೆ. ಮಗು ಹುಟ್ಟಿದ ಮೇಲೆ ನಾನು ಬೇರೆಯವರ ಕೈ ತಿದ್ದಿದ್ದೇನೆಯೇ ಹೊರತು ನನ್ನದೆಂದು ಒಂದು ಹಾಳೆಯನ್ನೂ ಬರೆದಿಲ್ಲ. ದೊಡ್ಡ ಹಾಳೆ ಹಾಸಿದೆ. ನಿಮ್ಮ ನಾಲ್ಕು ಸಾಲೂ ಬಾಯಿಗೆ ಬರುತ್ತಿದ್ದವು:

ಓದುವ ಮುನ್ನ ಕೂತುಕೋ.
ಕೂತ ಮೇಲೆ ಉಸಿರಾಡು.
ಉಸಿರಾಡಿದ ಮೇಲೂ ಓದಬೇಕೆನಿಸಿದರೆ
ಪುಸ್ತಕ ತೆರೆ.

ಒಂದೇ ಉಸಿರಿಗೆ ಬರೆದೆ. ಎಲ್ಲೂ ತಡೆಯಲಿಲ್ಲ. ನಿಮ್ಮ ಕೈಯಂತೆ ಬರೆಯಲು ಹೋಗಲಿಲ್ಲ. ನನ್ನ ಅಕ್ಷರ ನಿಮ್ಮದಕ್ಕಿಂತ ಸ್ವಲ್ಪ ದುಂಡಗೆ, ಸ್ವಲ್ಪ ಕೆಳಗೆ ಕೂತಂತೆ, ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡವಳ ಹಾಗೆ. ಈಗ ಮೂರು ಗಂಟೆಗೆ ಮತ್ತೆ ನೋಡಿದೆ. ಚೆನ್ನಾಗಿದೆ ಅತ್ತೆ. ತಂತಿಯ ಮೇಲೆ ಬಡಿದುಕೊಂಡು ನನ್ನನ್ನು ಎಬ್ಬಿಸಿದ್ದು ಅದೇ ಹಾಳೆ.

ಮಲಗುವ ಮುನ್ನ ಇವರಿಗೆ ತೋರಿಸಿದ್ದೆ. ‘ಅಮ್ಮನ ಹೆಸರಿನ ಮುದ್ರೆ ಬೀರೂಲೇ ಇದೆ. ಕೆಂಪು ಹಚ್ಚಿ ಒತ್ತಿ ಕೊಟ್ಬಿಡು. ಯಾರಿಗೆ ಗೊತ್ತಾಗುತ್ತೆ?’ ಎಂದರು. ರೈಲಿಗೆ ಹಸಿರು ಬಾವುಟ ತೋರಿಸಿದಷ್ಟು ಸಲೀಸಾಗಿ ಹೇಳಿ ಮಗ್ಗುಲು ಬದಲಿಸಿದರು. ನಾನು ಬೀರು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಇನ್ನೊಬ್ಬರ ಮುದ್ರೆ ಒತ್ತಿದರೆ ಹಾಳೆ ಕಳ್ಳಮಾಲಾಗುತ್ತದೆ. ನನಗೆ ಸ್ವಂತ ಮುದ್ರೆ ಇಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನೀವು ಹೇಳಿದ್ದು ನೆನಪಿದೆಯೇ? ‘ನಾನಾಗೇ ಕೆತ್ತಿಸಿ ಕೊಡಲ್ಲ. ನೀನಾಗಿ ಬಾಯ್ಬಿಟ್ಟು ಕೇಳಿದ ದಿನ ಕೊಡ್ತೀನಿ.’

ಅತ್ತಿಗೆಗೂ ಭಾವನಿಗೂ ನನ್ನ ನಮಸ್ಕಾರ ತಿಳಿಸಿ. ದೊರೆ ಬಲಗೈ ಮುಷ್ಟಿ ಕಟ್ಟಿ ಮಲಗಿದ್ದಾನೆ, ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪಿದೆ. ಅವನ ಪರವಾಗಿ ಒಂದು ಮುತ್ತು, ತೊಳೆದ ಕೈಯಿಂದ. ಎಲ್ಲರೂ ನಿಮ್ಮ ಬರವನ್ನು ಕಾಯುತ್ತಿದ್ದಾರೆ, ಕಣ್ಣು ಉಜ್ಜಿಕೊಳ್ಳಬೇಡಿ.

ನಿಮ್ಮ ಮಡಿಲಲ್ಲಿ ಅಕ್ಷರ ತಿದ್ದಿದ
ಸೊಸೆ

ತಾ.ಕ.: ಇವರು ಎದ್ದು ಬೂಟು ಹಾಕುತ್ತಿದ್ದಾರೆ, ಬೇಗ ಬರೆಯುತ್ತೇನೆ. ಅತ್ತಿಗೆ, ಇದೊಂದನ್ನು ನುಂಗದೆ ಓದಿ. ಅತ್ತೆ, ನಿಮ್ಮ ಹಾಳೆ ಕೆಟ್ಟದ್ದು ದೊರೆಯಿಂದಲ್ಲ. ಎರಡನೇ ಸಾಲಿನಿಂದಲೇ ಅಕ್ಷರಗಳು ಬಲಕ್ಕೆ ಹೋಗುತ್ತ ಹೋಗುತ್ತ ಕೆಳಗೆ ಜಾರಿವೆ. ಪೊರೆ ಕವಿದ ಕಣ್ಣಿಗೆ ಅದು ಕಾಣಲಿಲ್ಲ, ಕಂಡವರು ಯಾರೂ ಹೇಳಲಿಲ್ಲ. ನಿಮ್ಮ ಕೈ ಎಲ್ಲಿಗೂ ಹೋಗಿಲ್ಲ. ಕಣ್ಣು ಬಂದ ಮೇಲೆ ನೀವು ನೂರು ಬರೆಯುತ್ತೀರಿ. ಆದರೆ ಈ ಹಾಳೆ ಆ ಗೋಡೆಯ ಮೇಲೆ ನಿಮ್ಮ ಹೆಸರಿನಲ್ಲಿ ಇರಬಾರದು. ನೀವು ಒಪ್ಪಿದರೆ ನನ್ನದನ್ನು ನನ್ನ ಹೆಸರಿನಲ್ಲಿ ಕೊಡುತ್ತೇನೆ, ಸಾಲು ನಿಮ್ಮದು ಎಂದು ಕೆಳಗೆ ಬರೆದು. ಮತ್ತೆ, ಬಾಯ್ಬಿಟ್ಟು ಕೇಳುತ್ತಿದ್ದೇನೆ: ನನಗೊಂದು ಮುದ್ರೆ ಬೇಕು. ಬೇಡ ಎನ್ನುವುದಿದ್ದರೂ ನಿಮ್ಮ ದನಿಯಲ್ಲೇ ಬೇಡ ಎನ್ನಿ. ನೀವು ಹೇಳದೆ ಮೇಡಂ ಕೈಗೆ ಯಾವುದನ್ನೂ ಕೊಡಲಾರೆ. ಶನಿವಾರ ಬೆಳಗಾಗುವುದರೊಳಗೆ, ಯಾವ ಹೊತ್ತಿಗಾದರೂ ಸರಿ, ನಾನು ಹೇಗೂ ಎಚ್ಚರವಾಗಿಯೇ ಇರುತ್ತೇನೆ. ಫೋನಿನ ಸದ್ದಿಗೆ ದೊರೆ ಎದ್ದರೆ ಏಳಲಿ, ಮಸಿ ತೇದು ಮಲಗಿಸುತ್ತೇನೆ. ಫೋನ್ ಮಾಡಿ ಅತ್ತೆ, ಬೆಳಗಾಗುವ ಮೊದಲು ಫೋನ್ ಮಾಡಿ.