ಇನ್ನು ಒಂದೇ ಫಂಡ್

ಭಕ್ತಿ,

ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ಕೆಲಸಕ್ಕೆ ಔರಾದದ ಮೊದಲ ಬಸ್ಸಿಗೆ ಹೊರಟಿದ್ದೇನೆ. ಶನಿವಾರ ಬರುತ್ತೇನೆ. ಹಾಲು ಕಾಯಿಸಿಟ್ಟಿದ್ದೇನೆ, ಬೆಕ್ಕು ಬರುತ್ತದೆ, ಕಿಟಕಿ ಹಾಕಿಕೋ.

ನಮ್ಮ ಮ್ಯೂಚುವಲ್ ಫಂಡುಗಳನ್ನೆಲ್ಲ ಮಾರಿ, ಹಣವನ್ನು ಒಂದೇ ಬ್ಯಾಲೆನ್ಸ್ಡ್ ಫಂಡಿಗೆ ಹಾಕಿದ್ದೇನೆ. ಅದರಲ್ಲಿ ಷೇರೂ ಇವೆ, ಬಾಂಡೂ ಇವೆ. ಷೇರು ಬಿದ್ದರೆ ಬಾಂಡು ಸ್ವಲ್ಪ ತಡೆಯುತ್ತದೆ. ದಿನಾ ನೋಡಬೇಕಾಗಿಲ್ಲ. ನನಗೇನಾದರೂ ಆದರೆ ಜನವಾಡದ ನಿನ್ನಣ್ಣನ ಕೈಕಾಲು ಹಿಡಿಯಬೇಕಾಗಿಲ್ಲ, ನೀನೊಬ್ಬಳೇ ನಡೆಸಬಹುದು. "ಸಂಸಾರ ಮಾಡ್ತೀರೋ, ದುಕಾನ ಇಟ್ಟೀರೋ? ಎಲ್ಲಾ ಸೇರ್ಸಿ ಒಂದ ಮಾಡ್ರಿ" ಎಂದು ನೀನೇ ಬೈದಿದ್ದೆ. ಮಾಡಿದೆ.

ಆದರೆ ಈಗ ಚೀಲ ತುಂಬುವಾಗ ಹೊಳೆಯಿತು. ಮದುವೆಯಾದಾಗಿನಿಂದ ಸಂಜೆಯ ಫೋನಿನಲ್ಲಿ ನಾವು ಮಾತಾಡಿದ್ದೆಲ್ಲ ಆ ಫಂಡುಗಳ ಬಗ್ಗೆಯೇ. "ಇವತ್ತ ಯಾವುದು ಬಿತ್ರಿ?" ಎಂದು ನೀನು ಕೇಳುತ್ತಿದ್ದೆ. ನಾನು ಅರ್ಧ ಗಂಟೆ ಪಾಠ ಹೇಳುತ್ತಿದ್ದೆ. "ಊಟ ಮಾಡ್ರಿ" ಎಂದು ನೀನು ಫೋನ್ ಇಡುತ್ತಿದ್ದೆ. ಅದು ಬಿಟ್ಟರೆ ಔರಾದದ ಕೋಣೆಯಲ್ಲಿ ನನಗಿರುವುದು ನಾನು ಓದುವ ಅನುವಾದದ ಕಾದಂಬರಿಗಳ ಜನ ಮಾತ್ರ. ಅವರು ನನ್ನನ್ನು ಏನೂ ಕೇಳುವುದಿಲ್ಲ.

ಇವತ್ತೂ ಫೋನ್ ಮಾಡುತ್ತೇನೆ. ಹೇಳಲು ಏನೂ ಇರುವುದಿಲ್ಲ. ಆದರೂ ಎತ್ತು, ಬೇಗ ಇಡಬೇಡ.

ಮಕರಂದ