ರಾಗಿ ಡಬ್ಬದಲ್ಲಿರುವ ರಾಕ್ಷಸರು

ಅವ್ವ,

ಸ್ಕ್ಯಾನಿಂಗಿಗೆ ಹೊರಟೆ. ನಿನ್ನ ಅಳಿಯ ನರಸೀಪುರದಿಂದ ನೇರ ಆಸ್ಪತ್ರೆಗೇ ಬರುತ್ತಾರೆ. ಉಪ್ಸಾರು ಬಿಸಿ ಮಾಡಿಕೊಂಡು ಉಣ್ಣು. ಬಿ.ಪಿ. ಮಾತ್ರೆ ಮರೆಯಬೇಡ.

ನನ್ನ ಗೇಮ್ ಸಿ.ಡಿ. ರಾಗಿ ಡಬ್ಬದಲ್ಲಿದೆ ಅಂತ ಗೊತ್ತು. ನಾನು ತೆಗೆಯುವುದಿಲ್ಲ. ಬಚ್ಚಿಟ್ಟವಳೇ ತೆಗೆದು, ಒರೆಸಿ, ಟಿ.ವಿ. ಪಕ್ಕ ಇಡಬೇಕು.

"ಬಸ್ರಿ ಎಂಗ್ಸು ದೆವ್ವುದ್ ಮೊಕ ನೋಡುದ್ರೆ ಕೂಸ್ಗೂ ಅದೇ ಮೊಕ ಬತ್ತದೆ ಕಣವ್ವ" ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆಯಲ್ಲ, ನನ್ನನ್ನು ಒಂದು ಮಾತು ಕೇಳಿದೆಯಾ? ನಾನು ಚಿಕ್ಕವಳಿದ್ದಾಗ ಬಸ್ ಸ್ಟ್ಯಾಂಡಿನ ವಿಡಿಯೋ ಗೇಮ್ ಅಂಗಡಿಗೆ ನೀನು ಅಣ್ಣನನ್ನು ಮಾತ್ರ ಬಿಟ್ಟೆ. ರಕ್ತಪಿಶಾಚಿಯೂ ತೋಳಮನುಷ್ಯನೂ ಗುದ್ದಾಡುವುದನ್ನು ನಾನು ಬಾಗಿಲಲ್ಲಿ ನಿಂತು ಇಣುಕಿ ನೋಡಬೇಕಾಯಿತು. ಆ ಹಳೆಯ ಆಟಗಳೆಲ್ಲ ಈಗ ಒಂದೇ ಸಿ.ಡಿ.ಯಲ್ಲಿ ಬಂದಿವೆ. ಅವನ್ನು ಆಡುವಾಗ ಮಾತ್ರ ನನಗೆ ಹೆರಿಗೆಯ ಭಯ ಮರೆಯುತ್ತದೆ. ನೀನು ಗೋಡೆಗೆ ಅಂಟಿಸಿದ ಮುದ್ದುಕೂಸಿನ ಪಟ ನೋಡಿದರೆ ಆ ಭಯ ಇನ್ನೂ ಹೆಚ್ಚಾಗುತ್ತದೆ.

ಅಷ್ಟಕ್ಕೂ ಕೂಸು ಕೋರೆಹಲ್ಲು ಇಟ್ಟುಕೊಂಡೇ ಹುಟ್ಟಿದರೂ, "ಥೇಟ್ ನಮ್ಮವ್ವುನ್ ಮೊಕ ಕಣ್ರೀ" ಅಂತ ಎಲ್ಲರಿಗಿಂತ ಮೊದಲು ಎತ್ತಿ ಮುದ್ದಾಡುವವಳು ನೀನೇ.

ರೋಜಾ