ಹದಿನೇಳನೆಯ ಸಂದೇಶ

ಆಫೀಸು, ಮೂರನೇ ಮಹಡಿ
ಮಾರ್ಚ್ ಹನ್ನೊಂದು, ಊಟದ ಬಿಡುವು

ನನ್ನ ಬಟಾಣಿಗೆ ಅಕ್ಕನ ಪ್ರೀತಿ.

ಹೇಗಿದ್ದೀಯೆ? ಕೆಮ್ಮು ಕಡಿಮೆಯಾಯಿತೇ? ನಿನ್ನ ಕ್ಲಾಸಿನ ಮಕ್ಕಳು ಈಗಲಾದರೂ ಮಾತು ಕೇಳುತ್ತಾರೋ, ಇಲ್ಲ ಇನ್ನೂ ತಲೆಯ ಮೇಲೇ ಕೂತಿದ್ದಾರೋ? ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಮೂರು ಸಲ ಫೋನು ಕೈಗೆತ್ತಿಕೊಂಡೆ, ಬಾಯಿ ಬರಲಿಲ್ಲ. ಅದಕ್ಕೇ ಈ ಕಾಗದ.

ಅಳಿಸಿದ್ದನ್ನು ಫೋನಿನೊಳಗಿಂದ ಹೊರತೆಗೆಯುವುದು ನನ್ನ ಕೆಲಸ ಎಂದು ನಿನಗೆ ಗೊತ್ತಲ್ಲ. ('ಊರವರ ಕಸ ಕೆದಕೋ ಕೆಲಸ' ಅಂತ ನೀನೇ ರೇಗಿಸುತ್ತಿದ್ದೆ.) ಈ ಕೆಲಸದವರೆಲ್ಲ ಸೇರುವ ಸಮ್ಮೇಳನಕ್ಕೆ, ಕೈಯಾರೆ ಮಾಡಿ ಕಲಿಯುವ ಕಾರ್ಯಾಗಾರಗಳ ಪ್ರಸ್ತಾವನೆ ಕೇಳಿದ್ದರು. ನಮ್ಮ ಸಾಹೇಬರು "ಈ ಸಲ ನೀನೇ ಹಾಕಮ್ಮ" ಎಂದದ್ದೇ ತಡ, ಉಬ್ಬಿಹೋದೆ. ಮೂರು ಗಂಟೆ, ಇಪ್ಪತ್ತು ಜನ, ಎಲ್ಲರ ಲ್ಯಾಪ್‌ಟಾಪಿಗೂ ಒಂದೇ ಫೋನಿನ ಪೂರ್ತಿ ನಕಲು. ಅದರಲ್ಲಿ ಅಳಿಸಿದ ಸಂದೇಶಗಳನ್ನು ಅವರೇ ಹುಡುಕಿ ತೆಗೆಯಬೇಕು. ಅಭ್ಯಾಸದ ಫೋನು ಯಾರೂ ನಿಜವಾಗಿ ಬಳಸಿದ್ದಾಗಿರಬಾರದು ಎಂದು ನಮ್ಮಲ್ಲಿ ಕಟ್ಟುನಿಟ್ಟು. ಹೊಸದು ತಂದು, ಇಲ್ಲದ ಮನುಷ್ಯನೊಬ್ಬನನ್ನು ಹುಟ್ಟಿಸಿ, ವಾರಗಟ್ಟಲೆ ಅವನ ಹೆಸರಲ್ಲಿ ಸುಳ್ಳು ಸಂದೇಶ ಬರೆಯಬೇಕು. ಹೊಸಬರಿಗೆ ಇದನ್ನು ಪಾಠ ಮಾಡುವವಳೂ ನಾನೇ. ಆದರೆ ಕೊನೆಯ ದಿನ ಕುತ್ತಿಗೆಗೆ ಬಂದಿತ್ತು, ನೀನು ಬಿಟ್ಟುಹೋದ ಹಳೆಯ ಫೋನು ಬೀರುವಿನಲ್ಲಿತ್ತು. ನಿನ್ನದೆಲ್ಲ ಅಳಿಸಿದೆ. ನನ್ನ ಹದಿನಾರು ಸುಳ್ಳು ಸಂದೇಶ ತುಂಬಿ ಅವನ್ನೂ ಅಳಿಸಿದೆ. ನಕಲು ತೆಗೆದು ಪ್ರಸ್ತಾವನೆಯ ಜೊತೆ ಕಳಿಸಿಯೇಬಿಟ್ಟೆ, ನಿನ್ನದೇನಾದರೂ ಉಳಿದಿದೆಯೋ ಎಂದು ಒಮ್ಮೆ ನೋಡಲೂ ಇಲ್ಲ. ಅಳಿಸಿದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ ಎಂದು ಹೇಳಿಯೇ ಹೊಟ್ಟೆ ಹೊರೆಯುವವಳು ಕಣೇ ನಾನು!

ನಿನ್ನೆ ಉತ್ತರ ಬಂತು. ಸಮ್ಮೇಳನದ ಪರವಾಗಿ ಪ್ರಸ್ತಾವನೆ ಪರಿಶೀಲಿಸುವ ಮೂವರೂ ಅಭ್ಯಾಸವನ್ನು ತಾವೇ ಮಾಡಿ ನೋಡಿದ್ದಾರೆ. "ನೀವು ಹದಿನಾರು ಎಂದಿದ್ದೀರಿ, ನಮಗೆ ಹದಿನೇಳು ಸಿಕ್ಕಿವೆ. ಒಂದು ಮಾತ್ರ ಅಭ್ಯಾಸಕ್ಕೆಂದು ಬರೆದದ್ದಲ್ಲ ಅನಿಸುತ್ತದೆ" ಎಂದು ಬರೆದಿದ್ದರು, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನು ಬರೆದು, ಕಳಿಸದೆ ಅಳಿಸಿದ ಮಾತನ್ನು ಗುರುತುಪರಿಚಯ ಇಲ್ಲದ ಮೂರು ಜನ ಓದಿದ್ದಾರೆ. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಪ್ರಸ್ತಾವನೆ ಹಿಂದಕ್ಕೆ ತೆಗೆದುಕೊಂಡೆ. ನಕಲನ್ನು ನಾಶ ಮಾಡಿದ್ದೇವೆಂದು ಅವರು ಬರೆದುಕೊಟ್ಟಿದ್ದಾರೆ. ಸಾಹೇಬರಿಗೂ ಇದ್ದದ್ದು ಇದ್ದ ಹಾಗೆ ಹೇಳಿದೆ. ನಿನ್ನನ್ನು ಕೇಳದೆ ನಿನ್ನ ಫೋನು ಮುಟ್ಟಿದ್ದು ನನ್ನ ತಪ್ಪು. ಬೈ, ಮಾತು ಬಿಡು, ನಿನ್ನಿಷ್ಟ.

ಹೊತ್ತಿಗೆ ಸರಿಯಾಗಿ ಉಣ್ಣು. ಚೆನ್ನಾಗಿರು.

ತಲೆ ತಗ್ಗಿಸಿ ಕೂತಿರುವ ನಿನ್ನ
ಅಕ್ಕ

ತಾ.ಕ.: ಅವರಷ್ಟೇ ಅಲ್ಲ ಬಟಾಣಿ, ನಾನೂ ಓದಿದೆ. "ಅಕ್ಕಾ, ಟ್ರೈನಿಂಗ್ ಅಂತ ಸುಳ್ಳು ಹೇಳ್ದೆ. ಆಸ್ಪತ್ರೇಲಿದೀನಿ. ನಾಳೆ ಆಪರೇಷನ್ನು. ಭಯ ಆಗ್ತಿದೆ, ಬರ್ತೀಯಾ?" ತಾರೀಕು ನೋಡಿದೆ. ಅವತ್ತು ಸಂಜೆ ನೀನು ಫೋನೂ ಮಾಡಿದ್ದೆ. "ಬೇಗ ಹೇಳೇ, ಕೈತುಂಬ ಕೆಲಸ ಇದೆ" ಎಂದಿದ್ದೆ ನಾನು. "ಏನಿಲ್ಲ ಬಿಡಕ್ಕಾ" ಎಂದು ಇಟ್ಟುಬಿಟ್ಟೆ ನೀನು. ಒಂದು ವರ್ಷ ತಡವಾಗಿ ಬರುತ್ತಿದ್ದೇನೆ, ಈ ಶನಿವಾರ ಮೊದಲ ಬಸ್ಸಿಗೆ. ಮನಸ್ಸಿಲ್ಲದಿದ್ದರೆ ಏನೂ ಹೇಳಬೇಡ, ಬಾಗಿಲು ಮಾತ್ರ ತೆಗೆ.